ಬೀಚಿನಲ್ಲಿ ಟಾಪ್‌ಲೆಸ್ ಆಗಿ ಬಿಸಿಲು ಕಾಯುವುದು: ಮನೆಯವರಲ್ಲೇ ಒಮ್ಮತ ಇಲ್ಲದಿದ್ದರೆ ಯಾರು ಹೊಂದಿಕೊಳ್ಳಬೇಕು?

ಅಲೆಗಣ್ಣು:
ಮೂರು ತಲೆಮಾರಿನ ಕುಟುಂಬವೊಂದು ಒಟ್ಟಾಗಿ ಮೆಡಿಟರೇನಿಯನ್ ಬೀಚಿಗೆ ಹೊರಟಿದೆ ಅಂದುಕೊಳ್ಳಿ. ಸೊಸೆ ಆ ಕಡೆಯವಳೇ. ಬಿಕಿನಿಯ ಮೇಲ್ಭಾಗ ತೆಗೆದಿಟ್ಟು ಬಿಸಿಲಿಗೆ ಮಲಗುವುದು ಅವಳಿಗೆ ಚಪ್ಪಲಿ ಬಿಟ್ಟಷ್ಟೇ ಸಹಜ. ಅತ್ತೆ ಮಾವನಿಗೆ ಕಣ್ಣು ಎಲ್ಲಿ ಇಡಬೇಕೋ ತಿಳಿಯದಷ್ಟು ಮುಜುಗರ. ಜೊತೆಗೆ ಹತ್ತು ಹನ್ನೆರಡು ವರ್ಷದ ಮಕ್ಕಳು. ಇಂಥ ಕಡೆ ಯಾರು ಯಾರಿಗೆ ಹೊಂದಿಕೊಳ್ಳಬೇಕು? ಯಾವ ದೇಶದಲ್ಲಿ ಏನು ನಡೆಯುತ್ತದೆ, ಎಲ್ಲಿ ದಂಡ ಬೀಳುತ್ತದೆ, ಬೀಚಿನ ಬರೆಯದ ನಿಯಮಗಳೇನು ಅನ್ನುವುದನ್ನೂ ಗೊತ್ತಿದ್ದವರು ಹೇಳಿ. ಅದು ಸರಿಯೋ ತಪ್ಪೋ ಅನ್ನುವ ಉಪದೇಶಕ್ಕಿಂತ ವಿಷಯ ಬೇಕು.

ನೇರನುಡಿ:
ಹಿರಿಯರು ಜೊತೆಗಿದ್ದಾಗ ಅವರ ಮುಜುಗರಕ್ಕೆ ಬೆಲೆ ಕೊಡಬೇಕು. ಇಷ್ಟು ಸರಳವಾದದ್ದಕ್ಕೆ ಚರ್ಚೆ ಯಾಕೆ ಬೇಕು?

ಉಪ್ಪುನೀರು:
ಸರಳ ಅಲ್ಲ ಸರ್. ಅವಳ ಊರಿನ ಬೀಚಿಗೆ ಹೋಗಿ ಅವಳನ್ನೇ ಬದಲಾಗು ಅನ್ನುವುದು ಹೇಗೆ? ಅತಿಥಿಗಳಾಗಿ ಹೋದವರಿಗೂ ಒಂದು ಮರ್ಯಾದೆ ಇರುತ್ತದೆ.

ಕಾನೂನುಕಟ್ಟೆ:
ಮೊದಲು ಕಾನೂನು ತಿಳಿದುಕೊಳ್ಳೋಣ, ಆಮೇಲೆ ಮರ್ಯಾದೆ.

ಫ್ರಾನ್ಸಿನಲ್ಲಿ ದಂಡಸಂಹಿತೆಯ 222-32ನೇ ವಿಧಿ 'ಲೈಂಗಿಕ ಪ್ರದರ್ಶನ'ವನ್ನು ಅಪರಾಧ ಅನ್ನುತ್ತದೆ. ಬೀಚಿನಲ್ಲಿ ಎದೆ ತೆರೆದು ಮಲಗುವುದನ್ನು ಈ ವಿಧಿಯಡಿ ತರುವುದಿಲ್ಲ. ಅದೇ ಕೆಲಸವನ್ನು ಬೀದಿಯಲ್ಲೋ ಚರ್ಚಿನಲ್ಲೋ ಮಾಡಿದರೆ ಪ್ರಕರಣ ದಾಖಲಾಗಬಹುದು. ಅಂದರೆ ಜಾಗ ಮುಖ್ಯ. ಇದರ ಮೇಲೆ ಆಯಾ ಊರಿನ ಮೇಯರ್ ಪ್ರತ್ಯೇಕ ಆದೇಶ ಹೊರಡಿಸಿ ತಮ್ಮ ಬೀಚಿನಲ್ಲಿ ನಿಷೇಧಿಸಬಹುದು. ಪ್ಯಾರಿಸ್ ನಗರ ಸೇನ್ ನದಿಯ ದಡದಲ್ಲಿ ಬೇಸಿಗೆಗೆ ಮಾಡುವ ಕೃತಕ ಬೀಚಿನಲ್ಲಿ 2006ರಲ್ಲಿ ಹೀಗೇ ಟಾಪ್‌ಲೆಸ್ ನಿಷೇಧಿಸಿತು.

ಸ್ಪೇನಿನಲ್ಲಿ 'ಸಾರ್ವಜನಿಕ ಹಗರಣ' ಅನ್ನುವ ಹಳೆಯ ಅಪರಾಧವನ್ನು 1988ರಲ್ಲಿ ದಂಡಸಂಹಿತೆಯಿಂದ ತೆಗೆದರು. ಅಲ್ಲಿ ಈಗ ನೋಡಬೇಕಾದದ್ದು ನಗರಸಭೆಗಳ ನಿಯಮಗಳನ್ನು. ಇಟಲಿಯಲ್ಲಿ 2000ದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬೀಚಿನಲ್ಲಿ ಟಾಪ್‌ಲೆಸ್ ಆಗಿರುವುದು ಈಗ ಸಮಾಜ ಒಪ್ಪಿದ ನಡೆ ಅಂದಿತು.

ಪ್ರವಾಸಿಗರು ಎಡವುವುದು ಮರಳಿನ ಮೇಲಲ್ಲ, ಮರಳು ದಾಟಿದ ಮೇಲೆ. ಬಾರ್ಸಿಲೋನಾದಲ್ಲಿ 2011ರಿಂದ ಬರೀ ಈಜುಡುಗೆಯಲ್ಲಿ ಊರೊಳಗಿನ ಬೀದಿ ಸುತ್ತಿದರೆ ದಂಡ. ಇಟಲಿಯ ಸೊರೆಂಟೊ 2022ರಲ್ಲಿ 500 ಯೂರೋವರೆಗೆ ದಂಡದ ಆದೇಶ ತಂದಿತು. ಬಿಕಿನಿ ಹಾಕಿಕೊಂಡೇ ಇದ್ದರೂ ದಂಡ, ಅಂಗಿ ಇಲ್ಲದ ಗಂಡಸರಿಗೂ ಅಷ್ಟೇ.

ಬಿಸಿಲುಕುದುರೆ:
ಹಾಗಾದರೆ ಯುರೋಪು ಪೂರ್ತಿ ಸಲೀಸು ಅನ್ನಿ.

ಕಾನೂನುಕಟ್ಟೆ:
ಅಲ್ಲ. 'ಯುರೋಪು' ಅಂತ ಒಟ್ಟಾಗಿ ಹಿಡಿದರೇ ಲೆಕ್ಕ ತಪ್ಪುತ್ತದೆ. ಒಂದೇ ಊರಿನಲ್ಲಿ ಸಮುದ್ರದ ಬೀಚಿಗೆ ಒಂದು ನಿಯಮ, ನಗರಸಭೆಯ ಈಜುಕೊಳಕ್ಕೆ ಇನ್ನೊಂದು, ಹೋಟೆಲಿನ ಕೊಳಕ್ಕೆ ಮತ್ತೊಂದು. ಹೋಟೆಲಿನ ಕೊಳ ಖಾಸಗಿ, ಅಲ್ಲಿ ಅವರು ಹೇಳಿದ್ದೇ ನಿಯಮ. ಬೀಚಿನಲ್ಲಾದರೆ ಪ್ರವೇಶದ ಬಳಿ ಸಾಮಾನ್ಯವಾಗಿ ನಿಯಮಗಳ ಫಲಕ ಇರುತ್ತದೆ, ನಾಯಿ ಬಿಡಬಹುದೇ, ಬೆಂಕಿ ಹಾಕಬಹುದೇ ಅನ್ನುವುದೆಲ್ಲ ಬರೆದಿರುತ್ತದೆ. ಅದನ್ನು ಪೂರ್ತಿ ಓದಿ. ಅದರಲ್ಲಿ ಏನೂ ಇಲ್ಲದಿದ್ದರೆ ಲೈಫ್‌ಗಾರ್ಡನ್ನು ಕೇಳಿ. ದಿನಕ್ಕೆ ಹತ್ತು ಜನ ಕೇಳುವ ಪ್ರಶ್ನೆ ಅದು, ಸಂಕೋಚ ಬೇಡ.

ಬಾಲ್ಟಿಕ್‌ಗಾಳಿ:
ಜರ್ಮನಿಯದ್ದನ್ನು ಸೇರಿಸುತ್ತೇನೆ. ಅಲ್ಲಿ ಟಾಪ್‌ಲೆಸ್ ಬೇರೆ, ಪೂರ್ತಿ ಬೆತ್ತಲೆ ಬೇರೆ. ಎರಡನೆಯದಕ್ಕೆ ಎಫ್‌ಕೆಕೆ ಅನ್ನುವ ನೂರು ವರ್ಷಕ್ಕೂ ಹಳೆಯ ಸಂಪ್ರದಾಯವೇ ಇದೆ. ಪೂರ್ವ ಜರ್ಮನಿಯಲ್ಲಿ ಅದು ಕುಟುಂಬ ಸಮೇತ ಮಾಡುವ ಬೇಸಿಗೆ ರಜೆಯ ಭಾಗವಾಗಿತ್ತು, ಅಜ್ಜಿ ಮೊಮ್ಮಕ್ಕಳೆಲ್ಲ ಒಟ್ಟಿಗೆ. ಬಾಲ್ಟಿಕ್ ತೀರದ ಅನೇಕ ಕಡೆ ಬೀಚನ್ನೇ ತುಂಡುಗಳಾಗಿ ಹಂಚಿದ್ದಾರೆ. 'ಎಫ್‌ಕೆಕೆ' ಅಂತ ಫಲಕವಿದ್ದ ಕಡೆ ಬಟ್ಟೆ ಇಲ್ಲ, 'ಟೆಕ್ಸ್‌ಟಿಲ್' ಅಂತಿದ್ದ ಕಡೆ ಬಟ್ಟೆ ಬೇಕು, ನಾಯಿಗಳಿಗೆ ಬೇರೆ ತುಂಡು. ಬೀಚಿಗೆ ಇಳಿಯುವ ದಾರಿಗಳಿಗೆ ಸಾಮಾನ್ಯವಾಗಿ ಸಂಖ್ಯೆ ಇರುತ್ತದೆ. ಕುಟುಂಬದವರು ಗುಂಪು ಒಡೆದು ಹೋಗುವುದಾದರೆ ದಾರಿಯ ಸಂಖ್ಯೆ ಹೇಳಿಕೊಂಡೇ ಹೋಗಿ. ಎಫ್‌ಕೆಕೆ ತುಂಡಿನಲ್ಲಿ ಬಟ್ಟೆ ತೊಟ್ಟು ಕೂತು ನೋಡುವವರೇ ಅಲ್ಲಿ ಅಸಭ್ಯರು. ರೋಸ್ಟಾಕ್ ನಗರ 2024ರಲ್ಲಿ ಅಂಥವರನ್ನು ಎಬ್ಬಿಸಿ ಕಳಿಸಲು ಅವಕಾಶ ಮಾಡಿಕೊಂಡಿತು.

ಈಜುಕೊಳಗಳಲ್ಲಿ ಬೇರೆಯದೇ ಜಗಳ. ಗಟಿಂಗನ್ ನಗರ 2022ರ ಮೇ 1ರಿಂದ ಆಗಸ್ಟ್ 31ರವರೆಗೆ ವಾರಾಂತ್ಯಗಳಲ್ಲಿ ಮಾತ್ರ ಎಲ್ಲರಿಗೂ ಮೇಲುಡುಪು ಕಡ್ಡಾಯವಲ್ಲ ಅಂದಿತು. ಬರ್ಲಿನ್‌ನಲ್ಲಿ ಒಬ್ಬ ಮಹಿಳೆ ದೂರು ಕೊಟ್ಟ ಮೇಲೆ 2023ರ ಮಾರ್ಚಿನಲ್ಲಿ ಗಂಡಸರಿಗೆ ಇರುವ ನಿಯಮವೇ ಹೆಂಗಸರಿಗೂ ಅಂತ ಸ್ಪಷ್ಟಪಡಿಸಿದರು. ಗಮನಿಸಿ, ಹೊಸ ನಿಯಮ ಬರೆದದ್ದಲ್ಲ. 'ಸಾಮಾನ್ಯ ಈಜುಡುಗೆ ಇರಬೇಕು' ಅಂತ ಮೊದಲೇ ಇತ್ತು, ಅದರಲ್ಲಿ ಗಂಡು ಹೆಣ್ಣು ಅನ್ನುವ ಭೇದ ಇರಲೇ ಇಲ್ಲ. ಸಿಬ್ಬಂದಿ ಅದನ್ನು ಜಾರಿ ಮಾಡುವಾಗ ಭೇದ ಮಾಡುತ್ತಿದ್ದರು.

ನೇರನುಡಿ:
ಇದೆಲ್ಲ ಸಮಾನತೆಯ ಹೋರಾಟ, ಸರಿ. ಒಂದು ಕುಟುಂಬದ ಒಳಗಿನ ಮಾತು ಬೇರೆ. ಕಾನೂನು ಅನುಮತಿಸಿದ್ದನ್ನೆಲ್ಲ ಅತ್ತೆ ಮಾವನ ಎದುರು ಮಾಡುತ್ತೀರಾ? ಸಿಗರೇಟೂ ಕಾನೂನುಬದ್ಧವೇ.

ಸಂಜೆಮಲ್ಲಿಗೆ:
ಸಿಗರೇಟಿನ ಹೊಗೆ ಪಕ್ಕದವರ ಶ್ವಾಸಕೋಶಕ್ಕೆ ಹೋಗುತ್ತದೆ. ಇದರಲ್ಲಿ ಪಕ್ಕದವರಿಗೆ ಏನು ಹೋಗುತ್ತದೆ ಹೇಳಿ.

ನೇರನುಡಿ:
ನೆಮ್ಮದಿ ಹೋಗುತ್ತದೆ ಮೇಡಂ. ಅದನ್ನು ಹಾನಿಯೇ ಅಲ್ಲ ಅನ್ನುವುದು ಸರಿಯಲ್ಲ. ಜೀವನವಿಡೀ ಒಂದು ರೀತಿ ಬದುಕಿದವರನ್ನು ಒಂದು ಮಧ್ಯಾಹ್ನದಲ್ಲಿ ಬದಲಾಗಿ ಅಂದರೆ ಆಗುತ್ತದೆಯೇ?

ದೂರತೀರ:
ಇಬ್ಬರೂ 'ನಾಚಿಕೆ' ಎಲ್ಲ ಕಡೆ ಒಂದೇ ರೇಖೆ ಅಂದುಕೊಂಡು ಮಾತಾಡುತ್ತಿದ್ದೀರಿ. ಹಾಗಿಲ್ಲ. ಬ್ರೆಜಿಲ್ ನೋಡಿ. ಜಗತ್ತಿನಲ್ಲೇ ಅತಿ ಚಿಕ್ಕ ಬಿಕಿನಿಗೆ ಹೆಸರಾದ ದೇಶ. ಆದರೆ ಮೇಲ್ಭಾಗ ತೆಗೆದರೆ ದಂಡಸಂಹಿತೆಯ 233ನೇ ವಿಧಿಯಡಿ 'ಅಶ್ಲೀಲ ಕೃತ್ಯ' ಅನ್ನಿಸಿಕೊಳ್ಳಬಹುದು, ಮೂರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ ಅಥವಾ ದಂಡ. 2013ರ ಡಿಸೆಂಬರಿನಲ್ಲಿ ರಿಯೋದ ಇಪನೇಮಾ ಬೀಚಿನಲ್ಲಿ ಇದರ ವಿರುದ್ಧ ಪ್ರತಿಭಟನೆಯೂ ಆಯಿತು. ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಗೆ ಬಟ್ಟೆ ತೊಟ್ಟು ಇಳಿಯುವುದೇ ಅಸಭ್ಯ, ಸಾಮಾನ್ಯವಾಗಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳ. ಚಿಕ್ಕ ಮಕ್ಕಳು ಮಾತ್ರ ಯಾವ ಕಡೆಗಾದರೂ ಹೋಗಬಹುದು. ಅದರ ವಯಸ್ಸಿನ ಮಿತಿಯನ್ನೂ 2020ರಲ್ಲಿ ಇಳಿಸಿದರು, ಏಳು ತುಂಬಿದ ಮಕ್ಕಳು ಬೇರೆ ಲಿಂಗದವರ ಕಡೆ ಬರಬಾರದು ಅಂತ. ಅದೇ ಜಪಾನಿನ ಬೀಚಿನಲ್ಲಿ ಟಾಪ್‌ಲೆಸ್ ಯೋಚಿಸಲೂ ಆಗದ್ದು. ಫಿನ್‌ಲ್ಯಾಂಡಿನಲ್ಲಿ ಮನೆಮಂದಿ ಒಟ್ಟಿಗೆ ಬೆತ್ತಲೆಯಾಗಿ ಸೌನಾದಲ್ಲಿ, ಅಂದರೆ ಬಿಸಿಹಬೆಯ ಕೋಣೆಯಲ್ಲಿ, ಕೂರುತ್ತಾರೆ, ಅದರಲ್ಲಿ ಕಾಮದ ಸುಳಿವೂ ಇಲ್ಲ.

ಎಲ್ಲರಿಗೂ ರೇಖೆ ಇದೆ. ಎಳೆದ ಜಾಗ ಮಾತ್ರ ಬೇರೆ. ಅತ್ತೆ ಮಾವನಿಗೆ 'ಅವಳಿಗೆ ನಾಚಿಕೆಯೇ ಇಲ್ಲ' ಅನ್ನಿಸದಿರಲು ಇದನ್ನು ಮೊದಲು ಹೇಳಬೇಕು. ಅದೇ ಸೊಸೆ ಬೀಚಿನಿಂದ ಅಂಗಡಿಗೆ ಹೊರಟರೆ ಮೇಲುಡುಪು ತೊಟ್ಟೇ ಹೊರಡುತ್ತಾಳೆ.

ಬಿಸಿಲುಕುದುರೆ:
ಅಮೆರಿಕ ಹೇಗೆ?

ಕಾನೂನುಕಟ್ಟೆ:
ರಾಜ್ಯಕ್ಕೊಂದು, ಊರಿಗೊಂದು. ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 1992ರಲ್ಲೇ ಎದೆ ತೆರೆದ ಮಹಿಳೆಯರ ಮೇಲಿನ ಪ್ರಕರಣ ತಳ್ಳಿಹಾಕಿತು. ಮೇರಿಲ್ಯಾಂಡಿನ ಓಷನ್ ಸಿಟಿ 2017ರಲ್ಲಿ ನಿಷೇಧ ತಂದಿತು, ಫೆಡರಲ್ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ನಾಂಟಕೆಟ್ ದ್ವೀಪದ ಜನ 2022ರಲ್ಲಿ ಸಭೆ ಸೇರಿ ಮತ ಹಾಕಿ ಎಲ್ಲರಿಗೂ ಅನುಮತಿ ಕೊಟ್ಟರು. ಕೆನಡಾದ ಒಂಟಾರಿಯೊದಲ್ಲಿ 1996ರ ತೀರ್ಪಿನಿಂದ ಅಪರಾಧ ಅಲ್ಲ.

ಮಾಲ್ಡೀವ್ಸ್, ಯುಎಇ ಕಡೆಗೆ ಹೋಗುವವರು ಇದನ್ನು ನೆನಪಿಡಿ: ಮಾಲ್ಡೀವ್ಸಿನಲ್ಲಿ ಪ್ರವಾಸಿಗರಿಗೆಂದೇ ಇರುವ ರೆಸಾರ್ಟ್ ದ್ವೀಪದಲ್ಲೂ ಟಾಪ್‌ಲೆಸ್ ನಿಷಿದ್ಧ. ಜನವಸತಿಯ ದ್ವೀಪಗಳಲ್ಲಿ ಬಿಕಿನಿಗೂ ಪ್ರತ್ಯೇಕ ಬೀಚು ಗುರುತಿಸಿರುತ್ತಾರೆ, ಅದರ ಹೊರಗೆ ಮೈ ಮುಚ್ಚಿಕೊಂಡಿರಬೇಕು. ಯುಎಇಯಲ್ಲಿ ಪ್ರಕರಣವೇ ಆಗುತ್ತದೆ.

ಹಳೆಪುಟ:
ಇತಿಹಾಸವನ್ನೂ ಸ್ವಲ್ಪ ನೋಡಿ. 1930ರ ದಶಕದಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಬೀಚಿನಲ್ಲಿ ಎದೆ ತೆರೆದಿದ್ದ ಗಂಡಸರನ್ನು ಬಂಧಿಸಿದ್ದರು. ಗಂಡಸಿನ ಎದೆಯೂ ಅಸಭ್ಯ ಅನ್ನಿಸಿದ ಕಾಲ ಅಷ್ಟು ಹತ್ತಿರದ್ದು. 1964ರಲ್ಲಿ ಅಮೆರಿಕದ ಉಡುಪು ವಿನ್ಯಾಸಕ ರೂಡಿ ಗೆರ್ನ್‌ರೈಕ್ ಎದೆ ಮುಚ್ಚದ ಈಜುಡುಗೆ ವಿನ್ಯಾಸ ಮಾಡಿದಾಗ ದೊಡ್ಡ ಗದ್ದಲ. ಅದೇ ಬೇಸಿಗೆಯಲ್ಲಿ ಫ್ರಾನ್ಸಿನ ಸೇಂಟ್ ಟ್ರೊಪೆಯಲ್ಲಿ ಕೆಲವರು ಮೇಲ್ಭಾಗ ಬಿಟ್ಟರು, ಮೇಯರ್ ಪೊಲೀಸರನ್ನು ಕಳಿಸಿದರು. ಎಪ್ಪತ್ತರ ದಶಕದ ಹೊತ್ತಿಗೆ ಅಲ್ಲಿ ಅದೇ ಮಾಮೂಲಿ.

ಈಗ ಗಾಳಿ ತಿರುಗಿದೆ. ಫ್ರಾನ್ಸಿನ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ತಮ್ಮ ತಾಯಂದಿರಿಗಿಂತ ಕಡಿಮೆ ಟಾಪ್‌ಲೆಸ್ ಆಗುತ್ತಾರೆ. ದಿಟ್ಟಿಸುವ ಗಂಡಸರು, ಫೋನ್ ಕ್ಯಾಮೆರಾ, ಚರ್ಮದ ಕ್ಯಾನ್ಸರಿನ ಭಯ, ಈ ಮೂರನ್ನೂ ಕಾರಣ ಹೇಳುತ್ತಾರೆ. ಆದ್ದರಿಂದ 'ಹಿರಿಯರು ಸಂಕೋಚದವರು, ಕಿರಿಯರು ಧೈರ್ಯದವರು' ಅನ್ನುವ ಲೆಕ್ಕ ಅಲ್ಲಿ ತಲೆಕೆಳಗು. ಅಜ್ಜಿ ಎದೆ ತೆರೆದು ಮಲಗಿರುತ್ತಾಳೆ, ಮೊಮ್ಮಗಳು ಪೂರ್ತಿ ಈಜುಡುಗೆಯಲ್ಲಿರುತ್ತಾಳೆ.

ಉಪ್ಪುನೀರು:
ಬರೆಯದ ನಿಯಮಗಳ ಬಗ್ಗೆ ಕೇಳಿದ್ದರಲ್ಲ, ಹೇಳುತ್ತೇನೆ.

ಮಲಗಿರುವಾಗ, ಕೂತಿರುವಾಗ, ನೇರವಾಗಿ ನೀರಿಗೆ ಹೋಗಿ ಬರುವಾಗ ಮೇಲುಡುಪು ಇಲ್ಲದಿದ್ದರೆ ಯಾರೂ ಗಮನಿಸುವುದಿಲ್ಲ. ಬೀಚಿನುದ್ದಕ್ಕೂ ನಡೆದಾಡುವಾಗ, ಚೆಂಡಾಟ ಆಡುವಾಗ, ಐಸ್‌ಕ್ರೀಮ್ ಅಂಗಡಿಯ ಸಾಲಿನಲ್ಲಿ ನಿಲ್ಲುವಾಗ ಬಹಳಷ್ಟು ಜನ ತೊಡುತ್ತಾರೆ. ಪಕ್ಕದವರ ಜೊತೆ ಮಾತಿಗೆ ನಿಂತರೂ ಹಲವರು ಟವೆಲ್ ಎಳೆದುಕೊಳ್ಳುತ್ತಾರೆ. ನೋಟಕ್ಕೂ ನಿಯಮ ಇದೆ: ಕಣ್ಣು ಹಾದು ಹೋಗಬೇಕು, ನಿಲ್ಲಬಾರದು. ಕಪ್ಪು ಕನ್ನಡಕ ಹಾಕಿದ್ದರೂ ಮುಖ ತಿರುಗಿದ ದಿಕ್ಕು ಎಲ್ಲರಿಗೂ ಗೊತ್ತಾಗುತ್ತದೆ. ಅತಿಯಾಗಿ ಮುಖ ತಿರುಗಿಸಿ ಓಡುವುದೂ ಬೇಡ, ಅದು ಕೂಡ ಎದುರಿನವರನ್ನು ಎತ್ತಿ ತೋರಿಸಿದಂತೆ.

ಬೀಚ್ ಖಾಲಿ ಇದ್ದಾಗ ಟಾಪ್‌ಲೆಸ್ ಮಲಗಿದವರ ಪಕ್ಕಕ್ಕೇ ಹೋಗಿ ಟವೆಲ್ ಹಾಸಬೇಡಿ. ಜಾಗವಿದ್ದರೆ ಹತ್ತು ಹದಿನೈದು ಹೆಜ್ಜೆಯಾದರೂ ಬಿಡಿ. ನೀವು ಹೋದ ಬೀಚಿನಲ್ಲಿ ಅರ್ಧ ಗಂಟೆ ಸುತ್ತ ನೋಡಿದರೂ ಒಬ್ಬರೂ ಹಾಗಿಲ್ಲ ಅಂದರೆ, ಕಾನೂನು ಏನೇ ಹೇಳಲಿ, ಅಲ್ಲಿಯ ರೂಢಿ ಅದಲ್ಲ ಅಂತ ಅರ್ಥ.

ತೆರೆಮರೆ:
ಫೋನಿನ ವಿಷಯವೇ ಎಲ್ಲಕ್ಕಿಂತ ದೊಡ್ಡದು. ಮಕ್ಕಳ ಫೋಟೋ ತೆಗೆಯುವ ಅಪ್ಪಂದಿರೇ ಹೆಚ್ಚು ಸಿಕ್ಕಿಬೀಳುತ್ತಾರೆ. ಉದ್ದೇಶ ಕೆಟ್ಟದ್ದಿರುವುದಿಲ್ಲ, ಹಿನ್ನೆಲೆಯಲ್ಲಿ ಯಾರೋ ಇರುತ್ತಾರೆ, ಆಮೇಲೆ ಅದು ಕುಟುಂಬದ ಗ್ರೂಪಿಗೆ ಹೋಗುತ್ತದೆ. ಮಾಡಬೇಕಾದದ್ದು ಇಷ್ಟು. ನೀರಿಗೆ ಬೆನ್ನು ಹಾಕಿ ಬೀಚಿನ ಕಡೆ ಕ್ಯಾಮೆರಾ ಹಿಡಿಯಬೇಡಿ. ಮಗು ನೀರಿನ ಅಂಚಿನಲ್ಲಿ ನಿಲ್ಲಲಿ, ನೀವು ಮರಳಿನ ಕಡೆಯಿಂದ ಸಮುದ್ರದತ್ತ ತೆಗೆಯಿರಿ. ಜನ ನೀರಿನಲ್ಲೂ ಇದ್ದರೆ ನಿಂತುಕೊಂಡು ಕೆಳಮುಖವಾಗಿ ತೆಗೆಯಿರಿ, ಹಿನ್ನೆಲೆಗೆ ಮರಳು ಮಾತ್ರ ಬರುತ್ತದೆ. ವಿಡಿಯೋ ಕರೆಯಲ್ಲಿ ಊರವರಿಗೆ ಬೀಚ್ ತೋರಿಸುವುದು ಬೇಡವೇ ಬೇಡ. ಜರ್ಮನಿ, ಫ್ರಾನ್ಸ್ ಎರಡರಲ್ಲೂ ತನ್ನ ಚಿತ್ರದ ಮೇಲೆ ವ್ಯಕ್ತಿಗೆ ಹಕ್ಕಿದೆ, ಅನುಮತಿ ಇಲ್ಲದೆ ಹರಡಿದರೆ ನ್ಯಾಯಾಲಯಕ್ಕೆ ಹೋಗಬಹುದು.

ನಿಮ್ಮನ್ನೇ ಯಾರಾದರೂ ಚಿತ್ರೀಕರಿಸಿದರೆ ಫೋನ್ ಕಿತ್ತುಕೊಳ್ಳಲು ಹೋಗಬೇಡಿ, ಜಗಳದಲ್ಲಿ ತಪ್ಪು ನಿಮ್ಮ ಮೇಲೆ ಬರುತ್ತದೆ. ಮೊದಲು ಮುಚ್ಚಿಕೊಳ್ಳಿ, ಜೋರಾಗಿ ನಿಲ್ಲಿಸಿ ಅನ್ನಿ, ಅಕ್ಕಪಕ್ಕದವರ ಗಮನ ಸೆಳೆಯಿರಿ, ಲೈಫ್‌ಗಾರ್ಡ್ ಹತ್ತಿರ ಹೋಗಿ ಪೊಲೀಸರನ್ನು ಕರೆಸಿ.

ಚರ್ಮಮಿತ್ರ:
ಎಲ್ಲರೂ ಸಂಸ್ಕೃತಿಯ ಬಗ್ಗೆ ಮಾತಾಡುತ್ತಿದ್ದೀರಿ, ಸುಡುವುದು ಚರ್ಮ. ವರ್ಷವಿಡೀ ಬಟ್ಟೆಯೊಳಗಿದ್ದ ಎದೆಯ ಚರ್ಮ ಕೈಕಾಲಿಗಿಂತ ಬೇಗ ಸುಡುತ್ತದೆ, ಮೊಲೆತೊಟ್ಟಿನ ಸುತ್ತಲಿನದ್ದು ಇನ್ನೂ ನಾಜೂಕು. ಸುಟ್ಟರೆ ಎರಡು ಮೂರು ದಿನ ಒಳಉಡುಪು ತೊಡಲೂ ಆಗದಷ್ಟು ಉರಿ.

ಸನ್‌ಸ್ಕ್ರೀನ್ ಎಸ್‌ಪಿಎಫ್ (ಬಿಸಿಲಿನಿಂದ ಕೊಡುವ ರಕ್ಷಣೆಯ ಅಳತೆ) 30 ಅಥವಾ ಹೆಚ್ಚಿನದು, ಯುವಿ-ಎ (ಚರ್ಮದ ಆಳಕ್ಕಿಳಿಯುವ ನೇರಳಾತೀತ ಕಿರಣ) ರಕ್ಷಣೆಯೂ ಇರಬೇಕು. ದೊಡ್ಡವರ ಇಡೀ ಮೈಗೆ ಸುಮಾರು 35 ಮಿ.ಲೀ., ಅಂದರೆ ಏಳು ಟೀ ಚಮಚ. ಅದರಲ್ಲಿ ಎದೆ ಮತ್ತು ಹೊಟ್ಟೆಗೆ ಸೇರಿ ಒಂದು ಪೂರ್ತಿ ಚಮಚ. ಜನ ಹಚ್ಚುವುದು ಸಾಮಾನ್ಯವಾಗಿ ಇದರ ಅರ್ಧವೂ ಇಲ್ಲ, ಆದ್ದರಿಂದಲೇ ಡಬ್ಬಿಯ ಮೇಲೆ ಬರೆದಷ್ಟು ರಕ್ಷಣೆ ಸಿಗುವುದಿಲ್ಲ. ಬಿಸಿಲಿಗೆ ಹೋಗುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ, ನೀರಿನಿಂದ ಎದ್ದು ಟವೆಲ್‌ನಲ್ಲಿ ಒರೆಸಿಕೊಂಡ ಕೂಡಲೇ ಮತ್ತೆ. ಎದೆಯ ಕೆಳಗಿನ ಮಡಿಕೆ, ಕಂಕುಳಿನ ಅಂಚು ಮರೆತುಹೋಗುವ ಜಾಗಗಳು, ಮಲಗಿದಾಗ ಅವೇ ಬಿಸಿಲಿಗೆ ತೆರೆದುಕೊಳ್ಳುತ್ತವೆ. ಯುವಿ ಸೂಚ್ಯಂಕ (ಆ ಹೊತ್ತಿನ ನೇರಳಾತೀತ ಕಿರಣಗಳ ತೀವ್ರತೆಯ ಅಂಕ) 3 ಅಥವಾ ಹೆಚ್ಚಿದ್ದರೆ ರಕ್ಷಣೆ ಬೇಕು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಛತ್ರಿ ಕೆಳಗೆ ಹೋಗಿ. ಛತ್ರಿ ಇದ್ದರೂ ಒಣ ಮರಳು ಸುಮಾರು 15 ಶೇಕಡಾ ಯುವಿ ಕಿರಣಗಳನ್ನು ಮೇಲಕ್ಕೆ ಎಸೆಯುತ್ತದೆ.

ಸ್ತನದ ಶಸ್ತ್ರಚಿಕಿತ್ಸೆ ಆದವರು ಹೊಸ ಗಾಯದ ಗುರುತನ್ನು ಒಂದು ವರ್ಷವಾದರೂ ಬಿಸಿಲಿನಿಂದ ಮುಚ್ಚಿಡಿ, ಇಲ್ಲದಿದ್ದರೆ ಅದು ಕಪ್ಪಾಗಿ ಉಳಿಯಬಹುದು. ರೇಡಿಯೇಷನ್ ಆದ ಜಾಗಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಾಲುಣಿಸುವ ತಾಯಂದಿರು ಉಣಿಸುವ ಮೊದಲು ಕ್ರೀಮನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಬಿಸಿಲುಕುದುರೆ:
ಎದೆಗೆ ಬಿಸಿಲು ಬಿದ್ದರೆ ಸ್ತನ ಕ್ಯಾನ್ಸರ್ ಬರುತ್ತದೆ ಅನ್ನುತ್ತಾರಲ್ಲ?

ಚರ್ಮಮಿತ್ರ:
ಇಲ್ಲ. ಯುವಿ ಕಿರಣ ಸ್ತನದ ಒಳಗಿನ ಗ್ರಂಥಿಯವರೆಗೆ ಹೋಗುವುದೇ ಇಲ್ಲ. ಅಪಾಯ ಇರುವುದು ಚರ್ಮದ ಕ್ಯಾನ್ಸರಿನದ್ದು. ಆಸ್ಟ್ರೇಲಿಯಾ 1981ರಿಂದಲೇ 'ಅಂಗಿ ತೊಡಿ, ಕ್ರೀಮ್ ಹಚ್ಚಿ, ಟೊಪ್ಪಿ ಹಾಕಿ' ಅಂತ ಪ್ರಚಾರ ಮಾಡುತ್ತಾ ಬಂದಿದ್ದು ಇದಕ್ಕೇ.

ಹವಳದಂಡೆ:
ಕ್ರೀಮಿನ ಮಾತು ಬಂತಲ್ಲ, ಹವಾಯಿಯಲ್ಲಿ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟ 2021ರ ಜನವರಿಯಿಂದ ನಿಷೇಧ, ಹವಳಕ್ಕೆ ಕೆಡುಕು ಅಂತ. ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವ್‌ನಲ್ಲಿ 2020ರಿಂದ. ಜಿಂಕ್ ಆಕ್ಸೈಡ್ ಇರುವುದನ್ನು ಕೊಂಡುಕೊಳ್ಳಿ, ಬೆಳ್ಳಗೆ ಬಳಿದಂತೆ ಕಂಡರೂ ಪರವಾಗಿಲ್ಲ.

ಅಲೆಗಣ್ಣು:
ಉಪಯುಕ್ತ. ಆದರೆ ಮಕ್ಕಳ ಪ್ರಶ್ನೆ ಹಾಗೇ ಉಳಿಯಿತು. ಮಕ್ಕಳೊಂದಿಗೆ ಬಂದವರು ಪಕ್ಕದವರಿಗೆ 'ಮುಚ್ಚಿಕೊಳ್ಳಿ' ಅನ್ನಬಹುದೇ?

ಕಾನೂನುಕಟ್ಟೆ:
ಇದಕ್ಕೆ ನೇರ ಉದಾಹರಣೆ ಇದೆ. 2020ರ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಮಾರಿ ಲ ಮೇರ್ ಬೀಚಿನಲ್ಲಿ ಮಕ್ಕಳಿದ್ದ ಒಂದು ಕುಟುಂಬ ದೂರಿತು, ಪೊಲೀಸರು ಬಂದು ಮಹಿಳೆಯರಿಗೆ ಮೇಲುಡುಪು ತೊಡಲು ಹೇಳಿದರು. ಅಲ್ಲಿ ನಿಷೇಧದ ಆದೇಶ ಇರಲಿಲ್ಲ. ದೇಶದಾದ್ಯಂತ ಗಲಾಟೆಯಾಗಿ ಗೃಹ ಸಚಿವ ಜೆರಾಲ್ಡ್ ದರ್ಮನೇ ಅವರೇ ಮಹಿಳೆಯರ ಪರ ನಿಂತರು.

ಸಂಜೆಮಲ್ಲಿಗೆ:
ಸರಿಯಾಗಿಯೇ ಮಾಡಿದರು. ತೊಂದರೆ ಅನ್ನಿಸಿದವರು ಐವತ್ತು ಹೆಜ್ಜೆ ಆಚೆ ಹೋಗಬೇಕು.

ನೇರನುಡಿ:
ಮಕ್ಕಳು, ಹಿರಿಯರು, ಚೀಲ, ಛತ್ರಿ ಎಲ್ಲ ಹೊತ್ತುಕೊಂಡು ಅವರೇ ಹೋಗಬೇಕೇ? ಒಬ್ಬರು ಒಂದು ತುಂಡು ಬಟ್ಟೆ ಹಾಕಿಕೊಳ್ಳುವುದು ಸುಲಭವೋ, ಎಂಟು ಜನ ಏಳುವುದು ಸುಲಭವೋ?

ಸಂಜೆಮಲ್ಲಿಗೆ:
ಸುಲಭದ ಲೆಕ್ಕ ಹಾಕಿದರೆ ಪ್ರತಿ ಸಲವೂ ಒಬ್ಬಳೇ ಸೋಲುತ್ತಾಳೆ, ಗುಂಪು ಯಾವಾಗಲೂ ದೊಡ್ಡದೇ. ಆಮೇಲೆ ಮಕ್ಕಳಿಗೆ ತೊಂದರೆ ಅನ್ನುವುದು ದೊಡ್ಡವರ ಊಹೆ. ಮೊಲೆಹಾಲು ಕುಡಿದ ಮಕ್ಕಳಿಗೆ ಎದೆ ಕಂಡರೆ ಗಾಬರಿಯಾಗುವುದಿಲ್ಲ. ಅಮ್ಮನ ಮುಖ ಗಂಟಾದದ್ದು ಕಂಡು ಗಾಬರಿಯಾಗುತ್ತದೆ.

ಗೂಡುದೀಪ:
ಹತ್ತು ಹನ್ನೆರಡರ ಮಕ್ಕಳಿಗೆ ಇದು ಪೂರ್ತಿ ಒಪ್ಪುವುದಿಲ್ಲ ಅಕ್ಕ. ಆ ವಯಸ್ಸಿನಲ್ಲಿ ಅವರ ಮೈಯೇ ಬದಲಾಗುತ್ತಿರುತ್ತದೆ, ಸಂಕೋಚ ಅವರದೇ ಆಗಿರುತ್ತದೆ, ಕಲಿಸಿದ್ದಲ್ಲ. ಮೊದಲೇ ಎರಡು ಮಾತಿನಲ್ಲಿ ಹೇಳಿ: 'ಇಲ್ಲಿ ಕೆಲವರು ಹೀಗೆ ಮಲಗುತ್ತಾರೆ. ನೋಡಿ ನಗುವುದು, ಬೆರಳು ತೋರಿಸುವುದು, ಫೋಟೋ ತೆಗೆಯುವುದು ಬೇಡ.' ಅಲ್ಲಿಗೆ ನಿಲ್ಲಿಸಿ, ಅವರಾಗಿ ಕೇಳಿದರೆ ಉತ್ತರಿಸಿ. ಮಕ್ಕಳ ಈಜುಡುಗೆ ಎಷ್ಟಿರಬೇಕು ಅನ್ನುವುದು ಅವರ ಇಷ್ಟಕ್ಕೆ ಬಿಟ್ಟದ್ದು, ಯಾರೂ ಒತ್ತಾಯಿಸಬಾರದು. ಬೀಚಿನ ಬಯಲಲ್ಲಿ ಬಟ್ಟೆ ಬದಲಿಸುವಾಗ ತಲೆಯಿಂದ ತೊಡುವ ಟವೆಲ್ ನಿಲುವಂಗಿ ಕೊಡಿ.

ಅತ್ತೆ ಮಾವ, ಸೊಸೆಯ ವಿಷಯದಲ್ಲಿ ಮಗನೇ ಮೊದಲು ಬಾಯಿ ಬಿಡಬೇಕು, ಅದೂ ಹೊರಡುವ ಮೊದಲು, ಮನೆಯಲ್ಲಿ. ಬೀಚಿಗೆ ಹೋಗಿ ಟವೆಲ್ ಹಾಸಿದ ಮೇಲೆ ಹೇಳಿದರೆ ಅಲ್ಲಿ ಯಾರೋ ಒಬ್ಬರಿಗೆ ಅವಮಾನ ಗ್ಯಾರಂಟಿ. ಹೆಂಡತಿಗೆ 'ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ' ಅಂತ ಅಮ್ಮನ ಹೆಸರಿನಲ್ಲಿ ಹೇಳಬೇಡಿ, ಮುಜುಗರ ನಿಮ್ಮದಾಗಿದ್ದರೆ ನಿಮ್ಮದೆಂದೇ ಹೇಳಿ. ಅಪ್ಪ ಅಮ್ಮನಿಗೆ ಅಲ್ಲಿ ಅಪರಿಚಿತರು ಹೇಗಿರುತ್ತಾರೆ ಅನ್ನುವುದನ್ನು ಮುಂಚೆಯೇ ತಿಳಿಸಿ. ಸೊಸೆ ತೊಟ್ಟುಕೊಂಡರೂ ಪಕ್ಕದವರು ತೊಡುವುದಿಲ್ಲ. ಇದನ್ನು ಹೇಳದೆ ಕರೆದುಕೊಂಡು ಹೋಗುವುದೇ ದೊಡ್ಡ ತಪ್ಪು.

ನೇರನುಡಿ:
ಮಗನೇ ಮಾತಾಡಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೂ ಎಲ್ಲರೂ ಒಟ್ಟಿಗಿರುವ ಹೊತ್ತಿನಲ್ಲಿ ತೊಡುವುದೇ ಸರಿ ಅನ್ನುತ್ತೇನೆ.

ಉಪ್ಪುನೀರು:
ಒಟ್ಟಿಗಿರುವ ಹೊತ್ತು ಎಷ್ಟು ಅನ್ನುವುದೇ ಉತ್ತರ ಸರ್. ಬೀಚಿನಲ್ಲಿ ಇಡೀ ದಿನ ಯಾರೂ ಅಂಟಿಕೊಂಡು ಕೂರುವುದಿಲ್ಲ. ಹಿರಿಯರು ಬರುವುದು ಬಿಸಿಲು ಇಳಿದ ಮೇಲೆ, ಸಂಜೆ ಐದರ ನಂತರ. ಸೊಸೆ ಬಿಸಿಲು ಕಾಯುವುದು ಬೆಳಗ್ಗೆ ಹತ್ತರೊಳಗೆ. ಚರ್ಮಮಿತ್ರ ಹೇಳಿದ ಯುವಿ ಲೆಕ್ಕಕ್ಕೂ ಅದೇ ಹೊಂದುತ್ತದೆ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಬಂದರೆ ಎರಡು ಛತ್ರಿ ನೆಡಿ, ನಡುವೆ ಇಪ್ಪತ್ತು ಹೆಜ್ಜೆ ಇರಲಿ, ಹಿರಿಯರ ಕುರ್ಚಿ ಸಮುದ್ರದ ಕಡೆ ಮುಖ ಮಾಡಿರಲಿ, ಸೊಸೆಯ ಛತ್ರಿ ಅವರಿಗಿಂತ ಹಿಂದಿರಲಿ. ಊಟಕ್ಕೆ ಸೇರುವಾಗ ಮೇಲೊಂದು ಸಡಿಲ ಅಂಗಿ.

ಅಲೆಗಣ್ಣು:
ಸೊಸೆಯ ಛತ್ರಿ ಹಿಂದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಇನ್ನೊಂದು: ಬಾಡಿಗೆ ಛತ್ರಿಗಳಿರುವ ಬೀಚಿನಲ್ಲಿ ಇಷ್ಟ ಬಂದ ಕಡೆ ನೆಡಬಹುದೇ?

ಉಪ್ಪುನೀರು:
ಇಟಲಿಯಲ್ಲಿ ಆಗುವುದಿಲ್ಲ. ಅಲ್ಲಿ ಬೀಚಿನ ದೊಡ್ಡ ಭಾಗ ಗುತ್ತಿಗೆಯವರದ್ದು, ಛತ್ರಿಗಳು ಸಾಲುಸಾಲಾಗಿ ನೆಟ್ಟಿರುತ್ತವೆ, ಸಾಲು ಆರಿಸಿ ಕಾಯ್ದಿರಿಸಬೇಕು. ಹಿರಿಯರಿಗೆ ಮೊದಲ ಸಾಲು ಕೇಳಿ, ಉಳಿದವರಿಗೆ ಮೂರನೆಯದೋ ನಾಲ್ಕನೆಯದೋ ಕೇಳಿ. ಮೊದಲ ಸಾಲು ದುಬಾರಿ, ಬೇಗ ತುಂಬುತ್ತದೆ. ಗುತ್ತಿಗೆಯವರಿಗೆ ತಮ್ಮದೇ ಉಡುಪಿನ ನಿಯಮ ಇದೆಯೇ ಅನ್ನುವುದನ್ನೂ ಕಾಯ್ದಿರಿಸುವಾಗಲೇ ಕೇಳಿ. ಸ್ವಂತ ಛತ್ರಿ ನೆಡಬೇಕಾದರೆ ಉಚಿತ ಬೀಚಿನ ತುಂಡಿಗೆ ಹೋಗಿ.